ಕಿಡಿ ಹುಟ್ಟುವ ಜಾಗ

ಹಳೇ ಬಂದೂಕುಗಳ ಸಾಲಿನ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ನಳಿಗೆಯ ಉದ್ದದ ಕಡೆಗೆ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಾಗಲಿ, ಆಯುಧಪೂಜೆಯ ದಿನ ಪೊಲೀಸ್ ಠಾಣೆಯಲ್ಲಿ ಚೆಂಡುಹೂ ಮುಡಿಸಿ ಒರಗಿಸಿಟ್ಟ ರೈಫಲ್ಲುಗಳಾಗಲಿ, ಜನ ಕೇಳುವುದು ಎರಡೇ: ಎಷ್ಟು ದೂರ ಹೊಡೆಯುತ್ತೆ? ಎಷ್ಟು ತೂಕ ಇದೆ? ಬಲ್ಲವರು ಮಾತ್ರ ಬಗ್ಗಿ ನಳಿಗೆಯ ಬುಡ ನೋಡುತ್ತಾರೆ. ನಳಿಗೆ ಎಷ್ಟೇ ಚೆಂದವಿದ್ದರೂ ಕೊನೆಗೊಂದು ಕೊಳವೆ. ಕಮ್ಮಾರರು, ಸೇನಾಪತಿಗಳು, ಒಬ್ಬ ಪಾದ್ರಿ ಕೂಡ ಶತಮಾನಗಟ್ಟಲೆ ತಲೆ ಕೆಡಿಸಿಕೊಂಡದ್ದು ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸುವುದು ಹೇಗೆ ಎಂಬುದಕ್ಕೆ.

ಆ ಕಥೆ ಹೇಳಲು ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳೇ ಸಾಕು. ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ ಎಲ್ಲವೂ ಬಂಡೆಯ ನೆತ್ತಿ ಹಿಡಿದ ಕೋಟೆಗಳು. ಬಯಲಿನ ಶಿರಾ 1687ರಿಂದ ಮೊಗಲರ ಸುಬಾದ ಕೇಂದ್ರ. 1761ರಲ್ಲಿ ಅದು ಹೈದರಾಲಿಯ ಕೈಗೆ ಬಂತು. ಬಿದನೂರನ್ನು ಗೆದ್ದ ಹೈದರ್ ಅಲ್ಲಿನ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಮಧುಗಿರಿಯ ಬೆಟ್ಟದಲ್ಲಿ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಇಂಥ ಏರುಬಂಡೆಯ ಕೋಟೆಯಲ್ಲಿ ಕಾವಲಿದ್ದವನ ಕೈಯಲ್ಲಿ ಇರುತ್ತಿದ್ದುದು ಬತ್ತಿ ಬಂದೂಕು.

ಅದರ ಕೆಲಸ ನೇರ. ಹತ್ತಿಯ ಹಗ್ಗವನ್ನು ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದರೆ ಅದು ಜ್ವಾಲೆ ಇಲ್ಲದೆ ಊದುಬತ್ತಿಯಂತೆ ನಿಧಾನಕ್ಕೆ ಉರಿಯುತ್ತದೆ. ಇದೇ ಜಾಮಗಿ. ಇದರ ತುದಿಯನ್ನು ಬಂದೂಕಿನ ಕುದುರೆ ಎಂಬ ಕೊಕ್ಕೆಯ ಬಾಯಿಗೆ ಸಿಕ್ಕಿಸುತ್ತಾರೆ. ಕೆಳಗಿನ ಸನ್ನೆ ಒತ್ತಿದಾಗ ಕುದುರೆ ಬಾಗಿ, ನಳಿಗೆಯ ಪಕ್ಕದ ಪುಟ್ಟ ಬಟ್ಟಲಲ್ಲಿ ಹಾಕಿದ ನುಣುಪು ಮದ್ದಿಗೆ, ಅಂದರೆ ರಂಜಕಕ್ಕೆ, ಕೆಂಡ ತಾಗುತ್ತದೆ. ರಂಜಕದ ಬೆಂಕಿ ಸೂಜಿಗಣ್ಣಿನಂಥ ತೂತಿನೊಳಗೆ, ಅಂದರೆ ಕಿವಿಯೊಳಗೆ, ನುಗ್ಗಿ ನಳಿಗೆಯ ಮದ್ದನ್ನು ಮುಟ್ಟಬೇಕು. ಕಿವಿ ಕಟ್ಟಿಕೊಂಡಿದ್ದರೆ ರಂಜಕ ಭಗ್ ಎಂದು ಉರಿದು ಹೋಗುತ್ತದೆ, ಗುಂಡು ಅಲ್ಲೇ ಉಳಿಯುತ್ತದೆ. ಅದಕ್ಕೇ ಕಿವಿ ಚುಚ್ಚುವ ಕಡ್ಡಿಯೊಂದು ಬಂದೂಕಿಗೇ ಸರಪಳಿಯಲ್ಲಿ ತೂಗುತ್ತಿತ್ತು. ಮದ್ದಿಗೆ ಹೊರಗಿನ ಗಾಳಿ ಬೇಡ. ಇದ್ದಿಲು, ಗಂಧಕ ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ತಾನೇ ಹೊತ್ತು ತಂದಿರುತ್ತದೆ. ಮುಚ್ಚಿದ ನಳಿಗೆಯಲ್ಲೂ ಅದು ಉರಿದು ಅನಿಲವಾಗುವುದು ಹಾಗಾಗಿಯೇ.

ಇದನ್ನು ಹಿಂದುಳಿದ ಆಯುಧ ಎಂದು ನಗುವಂತಿಲ್ಲ. ನಮ್ಮ ಕಡೆಯ ಬತ್ತಿ ಬಂದೂಕಿನ ನಳಿಗೆ ಉದ್ದ, ಬಾಯಿ ಕಿರಿದು. ಬಂಡೆಯ ಮೇಲೆ ಕೂತು ಸಾವಧಾನವಾಗಿ ಗುರಿ ಹಿಡಿದವನ ಗುಂಡು ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಯ ಮಸ್ಕೆಟ್ಟಿಗಿಂತ ದೂರ ಹೋಗುತ್ತಿತ್ತು. ತೊಂದರೆಗಳು ಬೇರೆ. ಮಳೆ ಬಂದರೆ ಬತ್ತಿ ಆರುತ್ತದೆ. ಪಾವಗಡದವರಿಗೆ ಇದು ವರ್ಷದಲ್ಲಿ ಎಷ್ಟು ದಿನ ಕಾಡಿತೋ! ರಾತ್ರಿ ಕೆಂಡ ಕಂಡು ಶತ್ರುವಿಗೆ ಗುರುತು ಸಿಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮದ್ದಿನ ಚೀಲ ಸೊಂಟಕ್ಕೆ ಕಟ್ಟಿಕೊಂಡವನು ಉರಿಯುವ ಹಗ್ಗವನ್ನೂ ಹಿಡಿದು ಓಡಾಡಬೇಕು.

ಚಕಮಕಿ ಬಂದೂಕು ಆ ಹಗ್ಗವನ್ನು ಕಿತ್ತೆಸೆಯಿತು. ಬೆಂಕಿಯನ್ನು ಹೊತ್ತು ತಿರುಗುವ ಬದಲು ಬೇಕಾದ ಕ್ಷಣಕ್ಕೆ ಹುಟ್ಟಿಸಿದರಾಯಿತು! ಕುದುರೆಯ ಬಾಯಲ್ಲಿ ಈಗ ಚೂಪು ಕಲ್ಲು. ಸ್ಪ್ರಿಂಗ್ ಬಿಟ್ಟೊಡನೆ ಅದು ಎದುರಿನ ಉಕ್ಕಿನ ತಗಡನ್ನು ಕೆರೆಯುತ್ತ ಇಳಿಯುತ್ತದೆ. ಅದೇ ಏಟಿಗೆ ರಂಜಕದ ಬಟ್ಟಲಿನ ಮುಚ್ಚಳ ತೆರೆದು ಕಿಡಿ ಒಳಗೆ ಬೀಳುತ್ತದೆ. ಕಿಡಿ ಕಲ್ಲಿನದೆಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಉಕ್ಕಿನದು. ಗಟ್ಟಿ ಕಲ್ಲು ಉಕ್ಕಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಹೆರೆಯುತ್ತದೆ. ಹೆರೆದ ಬಿಸಿಗೇ ಆ ಚೂರುಗಳು ಗಾಳಿಯಲ್ಲಿ ಹೊತ್ತಿಕೊಳ್ಳುತ್ತವೆ. ಮೆದು ಕಬ್ಬಿಣದಿಂದ ಇಂಥ ಕಿಡಿ ಏಳುವುದಿಲ್ಲ, ಇಂಗಾಲ ಕುಡಿದ ಗಡಸು ಉಕ್ಕೇ ಬೇಕು.

ಉಕ್ಕು ಮಾಡುವ ವಿದ್ಯೆ ಇಲ್ಲಿಯವರಿಗೆ ಹೊಸದಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಮಧುಗಿರಿಯ ಸುತ್ತ ಮಳೆಹಳ್ಳಗಳು ಕೊಚ್ಚಿ ತರುವ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುವುದನ್ನು ಬರೆದಿಟ್ಟಿದ್ದಾನೆ. ಮೈಸೂರು ಸೀಮೆಯ ಉಕ್ಕಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಕೊಟ್ಟ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು.

ಟಿಪ್ಪುವಿನ ಕಾರ್ಖಾನೆಗಳ ಚಕಮಕಿ ಬಂದೂಕುಗಳನ್ನು ನೋಡಿದರೆ ಕೈಕೆಲಸ ಎಲ್ಲಿಗೆ ಮುಟ್ಟಿತ್ತೆಂದು ತಿಳಿಯುತ್ತದೆ. ನಳಿಗೆಯ ಮೇಲೆ ಹುಲಿಪಟ್ಟೆ, ತಯಾರಾದ ಊರು, ಅವನದೇ ಮೌಲೂದಿ ಶಕೆಯ ವರ್ಷ. ಕೆಲವುಗಳಲ್ಲಿ ಕಲ್ಲು ಕಚ್ಚಿದ ಕುದುರೆಯೇ ಒಂದು ಹುಲಿ. ದುಃಖವೆಂದರೆ ಇವುಗಳಲ್ಲಿ ಒಳ್ಳೆಯವನ್ನು ನೋಡಲು ಇಂಗ್ಲೆಂಡಿಗೇ ಹೋಗಬೇಕು. 2015ರಲ್ಲಿ ಲಂಡನ್ನಿನ ಬೋನಮ್ಸ್ ಸಂಸ್ಥೆ ಟಿಪ್ಪುವಿನ ಕಾಲದ 30 ಆಯುಧ-ವಸ್ತುಗಳನ್ನು ಹರಾಜಿಗಿಟ್ಟಾಗ ಸುಮಾರು 60 ಲಕ್ಷ ಪೌಂಡ್ ಬಂತು.

ಚಕಮಕಿಯಲ್ಲೂ ಒಂದು ಕೊರತೆ ಉಳಿದಿತ್ತು. ರಂಜಕ ಹೊತ್ತಿ ಗುಂಡು ಹಾರುವ ನಡುವೆ ಕಣ್ಣು ಮಿಟುಕಿಸುವಷ್ಟು ತಡ. ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟಿಷ್ ಪಾದ್ರಿ ಹಕ್ಕಿ ಹೊಡೆಯುವ ಹುಚ್ಚಿನವನು. ಬೆಳಕು ಕಂಡೊಡನೆ ಹಕ್ಕಿ ತಪ್ಪಿಸಿಕೊಳ್ಳುತ್ತಿತ್ತು. ಏಟು ಬಿದ್ದರೆ ಸಾಕು ಸಿಡಿಯುವ ರಾಸಾಯನಿಕವನ್ನು ಬಂದೂಕಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದು ತಾಮ್ರದ ಕೇಪಾಯಿತು. ಮಳೆಗೂ ಗಾಳಿಗೂ ಅದು ಜಗ್ಗದು. ಕಾಡುಹಂದಿಯಿಂದ ಬೆಳೆ ಕಾಯಲು ರೈತರು ಪರವಾನಗಿ ಪಡೆದು ಇಟ್ಟುಕೊಳ್ಳುವ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಕೇಪಿನ ಕೋವಿಯ ಮೂಲ ಇದೇ.

ಆಮೇಲಿನದು ಬೇಗ ನಡೆಯಿತು. ಕೇಪು, ಮದ್ದು, ಗುಂಡು ಮೂರೂ ಒಂದೇ ಹಿತ್ತಾಳೆ ತೋಟಾದೊಳಗೆ ಸೇರಿದವು. ಆಯುಧಪೂಜೆಯಲ್ಲಿ ಹೆಚ್ಚು ಮೆಚ್ಚುಗೆ ಗಿಟ್ಟಿಸುವ ತ್ರೀ ನಾಟ್ ತ್ರೀ ರೈಫಲ್ಲು ಆ ವಂಶದ್ದು. ನಾಲ್ಕು ಕೆ.ಜಿ. ತೂಕ, ಹತ್ತು ತೋಟಾ, ಬಂಗಾಳದ ಇಶಾಪುರದಲ್ಲೂ ತಯಾರಾದದ್ದು. 1962ರಲ್ಲಿ ಚೀನಾ ಎದುರು ನಮ್ಮ ಸೈನಿಕರು ಹಿಡಿದದ್ದೂ ಇದನ್ನೇ. ಗುಂಡು ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಡುತ್ತದೆ, ಶಬ್ದದ ಎರಡು ಪಟ್ಟಿಗೂ ಹೆಚ್ಚು. ಗಟ್ಟಿ ಯಂತ್ರ, ಒಪ್ಪುತ್ತೇನೆ. ಆದರೆ ಕಿಡಿ ಹುಟ್ಟುವ ಜಾಗ ಅದರಲ್ಲಿ ಕಾಣುವುದೇ ಇಲ್ಲ. ನನ್ನ ಮತ ಚಕಮಕಿಗೇ.

ಕೊನೆಗೊಂದು ಮಾತು, ಹಳೇ ಮನೆಯ ಅಟ್ಟದಲ್ಲಿ, ಪಾಳುಕೋಟೆಯ ಮಣ್ಣಲ್ಲಿ ಇಂಥದ್ದೇನಾದರೂ ಸಿಕ್ಕವರಿಗೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಹಳೇ ರಾಕೆಟ್ಟುಗಳು ಸಿಕ್ಕಾಗ ಅವುಗಳೊಳಗೆ ಮದ್ದು ಇನ್ನೂ ಉಳಿದಿತ್ತು. ಮುತ್ತಜ್ಜ ಗಜದಿಂದ, ಅಂದರೆ ಸಲಾಕೆಯಿಂದ, ಜಡಿದಿಟ್ಟ ಗುಂಡೂ ನಳಿಗೆಯಲ್ಲಿ ಹಾಗೇ ಇರಬಹುದು. ಕುದುರೆ ಎಳೆದು ನೋಡಬೇಡಿ, ಬಾಯಿ ನಿಮ್ಮ ಕಡೆ ತಿರುಗಿಸಬೇಡಿ, ಹುಣಸೆಹಣ್ಣು ಹಾಕಿ ಉಜ್ಜಿ ಅಚ್ಚೊತ್ತಿದ ಅಕ್ಷರ ಅಳಿಸಬೇಡಿ. ಇದ್ದಲ್ಲೇ ಬಿಟ್ಟು ಠಾಣೆಗೂ ಪುರಾತತ್ವ ಇಲಾಖೆಗೂ ತಿಳಿಸಿ.