ನವೋದಯ ವಿದ್ಯಾಲಯ: ಮಕ್ಕಳ ಪಾಲು, ಮನೆಯವರ ಪಾಲು

ವಿದ್ಯೆಯು ಹಣವಂತರ ಮನೆಯ ಸೊತ್ತಾಗಬಾರದೆಂಬ ಮಾತನ್ನು ಒಪ್ಪದವರು ನಮ್ಮಲ್ಲಿ ಇರಲಾರರು. ಆದರೆ ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ದೊರೆಯುವಂಥ ಶಿಕ್ಷಣವನ್ನು ಹಳ್ಳಿಯ ಬಡವರ ಮಕ್ಕಳಿಗೂ ಒದಗಿಸುವ ಬಗೆ ಹೇಗೆಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಈ ಪ್ರಶ್ನೆಗೆ ನಮ್ಮ ಸರಕಾರವು ಕಂಡುಕೊಂಡ ಉತ್ತರಗಳಲ್ಲಿ ಜವಾಹರ ನವೋದಯ ವಿದ್ಯಾಲಯವೂ ಒಂದು. ಈ ಶಾಲೆಗಳ ಪರೀಕ್ಷಾ ಫಲಿತಾಂಶಗಳನ್ನು ಪತ್ರಿಕೆಗಳಲ್ಲಿ ಓದಿ ಸಂತೋಷಪಡುತ್ತೇವೆ. ಆದರೆ ಅಲ್ಲಿ ಓದುವ ಮಗುವೂ ಅದನ್ನು ಕಳುಹಿಸಿಕೊಟ್ಟ ತಾಯಿತಂದೆಗಳೂ ಏನನ್ನು ಅನುಭವಿಸುವರೆಂದು ವಿಚಾರಿಸುವವರು ಕಡಮೆ. ಆ ವಿಚಾರವನ್ನು ಸ್ವಲ್ಪ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಇಂಥ ಎರಡು ಶಾಲೆಗಳು ಪ್ರಯೋಗಾರ್ಥವಾಗಿ ತೆರೆದುವು. ರಾಜೀವ ಗಾಂಧಿಯವರು ಪ್ರಧಾನಿಗಳಾಗಿದ್ದಾಗ ಹೊರಬಂದ 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಯೋಜನೆಗೆ ಬಲ ಕೊಟ್ಟಿತು. ಜಿಲ್ಲೆಗೊಂದು ಶಾಲೆ ಎಂಬುದು ಗುರಿ; ಇಂದು ದೇಶದಲ್ಲಿ 650ಕ್ಕೂ ಮಿಕ್ಕಿ ನವೋದಯಗಳಿವೆ. ನಮ್ಮ ನಾಡಿನಲ್ಲಿ ಶಿವಮೊಗ್ಗದ ಬಳಿಯ ಗಾಜನೂರು, ಕೊಡಗಿನ ಗಾಳಿಬೀಡು, ದಕ್ಷಿಣ ಕನ್ನಡದ ಮುಡಿಪು, ಕೊಪ್ಪಳ ಜಿಲ್ಲೆಯ ಕುಕನೂರು ಮೊದಲಾದ ಊರುಗಳ ಹೆಸರು ಈ ಶಾಲೆಗಳೊಂದಿಗೆ ಸೇರಿಹೋಗಿದೆ.

ಇವು ಚಿಕ್ಕ ಶಾಲೆಗಳು. ವರ್ಷಕ್ಕೆ ಆರನೆಯ ತರಗತಿಗೆ ಸೇರುವವರು ಹೆಚ್ಚೆಂದರೆ 80 ಮಂದಿ. ಅವರಲ್ಲಿ ಕನಿಷ್ಠ ಶೇಕಡಾ 75 ಮಂದಿ ಗ್ರಾಮಾಂತರದವರಾಗಿರಬೇಕು; ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಒಂಬತ್ತನೆಯ ತರಗತಿಯಿಂದ ತಿಂಗಳಿಗೆ 600 ರೂಪಾಯಿಗಳ ಅಭಿವೃದ್ಧಿ ನಿಧಿಯನ್ನು ಕೊಡಬೇಕಾಗಿದ್ದರೂ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮತ್ತು ಬಡತನದ ರೇಖೆಯ ಕೆಳಗಿನವರಿಗೆ ಅದರಿಂದ ವಿನಾಯಿತಿಯುಂಟು.

ಹೀಗಿರಲು, ಇಂಥ ಶಾಲೆಯ ಬಾಗಿಲಲ್ಲಿ ನೂಕುನುಗ್ಗಲಾಗುವುದು ಸಹಜವೇ. ಪ್ರವೇಶ ಪರೀಕ್ಷೆಯನ್ನು ಐದನೆಯ ತರಗತಿಯ ಮಕ್ಕಳು ಬರೆಯುತ್ತಾರೆ. ಎರಡು ಗಂಟೆಗಳ ಅವಧಿ, 80 ಪ್ರಶ್ನೆ, 100 ಅಂಕ. ಬುದ್ಧಿಶಕ್ತಿಗೆ 40 ಪ್ರಶ್ನೆ, ಗಣಿತಕ್ಕೆ 20, ಭಾಷೆಗೆ 20. ಕನ್ನಡದಲ್ಲಿಯೇ ಬರೆಯಲು ಅವಕಾಶವಿರುವುದು ಮೆಚ್ಚತಕ್ಕ ವಿಷಯ. ಆದರೆ ಆರನೆಯ ತರಗತಿಯ ಈ ಪರೀಕ್ಷೆಗೆ ಮಗುವು ಒಮ್ಮೆ ಕುಳಿತರೆ ಮತ್ತೊಮ್ಮೆ ಕೂಡುವಂತಿಲ್ಲ. ಒಂದು ಪ್ರಶ್ನೆಯ ಬೆಲೆ ಒಂದೂಕಾಲು ಅಂಕವೆಂದು ಲೆಕ್ಕ ಹಾಕುತ್ತ, ಸಂಜೆಯ ಆಟವನ್ನು ಬಿಡಿಸಿ ಮಕ್ಕಳನ್ನು ತರಬೇತಿಗೆ ಅಟ್ಟುವ ಹಿರಿಯರು ಈಗ ಹಳ್ಳಿಗಳಲ್ಲಿಯೂ ಇದ್ದಾರೆ. ತಂದೆ ಕೂಲಿಯಿಂದ ಉಳಿಸಿದ ದುಡ್ಡಿನಲ್ಲಿ ನವೋದಯದ ಗೈಡು ತರುತ್ತಾನೆ. ಅಕ್ಷರ ಬಾರದ ತಾಯಿ, ಮಗ ಓದುವಷ್ಟು ಹೊತ್ತೂ ಎದುರಿಗೆ ಕುಳಿತಿರುತ್ತಾಳೆ. ಹತ್ತು ವರ್ಷದ ಹೆಗಲಿಗೆ ಇದು ಸಣ್ಣ ಹೊರೆಯಲ್ಲ.

ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದೊಡನೆ ಮನೆಯಲ್ಲಿ ಹಬ್ಬ. ಆದರೆ ಟ್ರಂಕಿನಲ್ಲಿ ಬಟ್ಟೆಬರೆ ತುಂಬಿಕೊಂಡು ಮಗುವನ್ನು ಬಿಟ್ಟುಬರುವ ದಿನ ಹಬ್ಬದ ಬಣ್ಣ ಮಾಸುತ್ತದೆ. ಅದುವರೆಗೆ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದ ಮಗು ಅಂದಿನಿಂದ ಸಾಲುಮಂಚಗಳ ನಡುವೆ ಮಲಗಬೇಕು. ಬೆಳಗಿನ ಜಾವದ ವ್ಯಾಯಾಮ, ತರಗತಿ, ಆಟ, ರಾತ್ರಿಯ ಅಭ್ಯಾಸ, ಎಲ್ಲಕ್ಕೂ ಗಂಟೆ. ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಎಂಬ ನಾಲ್ಕು ಬಣಗಳಲ್ಲಿ ಒಂದಕ್ಕೆ ಸೇರಿ, ಅದರ ಮಾನವೇ ತನ್ನ ಮಾನವೆಂದು ಆಡಬೇಕು, ಹಾಡಬೇಕು. ಮೊದಲ ತಿಂಗಳು ದಿಂಬು ತೋಯುವಂತೆ ಅತ್ತ ಮಕ್ಕಳು ವರ್ಷ ತುಂಬುವುದರೊಳಗೆ ತಮ್ಮ ಬಟ್ಟೆ ತಾವೇ ಒಗೆದುಕೊಂಡು, ಹೊಸದಾಗಿ ಬಂದವರಿಗೆ ಧೈರ್ಯ ಹೇಳುವಂತಾಗುವುದುಂಟು. ಒಕ್ಕಲಿಗನ ಮಗ, ಕುರುಬರ ಹುಡುಗ, ಹೊಲೆಮಾದಿಗರ ಕೇರಿಯಿಂದ ಬಂದ ಮಗು, ಗುಮಾಸ್ತೆಯ ಮಗ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಅನ್ನ ಉಣ್ಣುವುದು ಯಾವ ಪಠ್ಯಪುಸ್ತಕಕ್ಕೂ ಕಡಮೆಯಾದ ಪಾಠವಲ್ಲ.

ಓದಿನ ಕಷ್ಟದಲ್ಲಿ ಮುಖ್ಯವಾದುದು ಭಾಷೆಯದು. ಮೊದಲ ಕೆಲವು ವರ್ಷ ಪ್ರದೇಶಭಾಷೆಯಲ್ಲಿ ಬೋಧನೆಯಿದ್ದು, ಅನಂತರ ಗಣಿತ ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿಯೂ ಸಮಾಜವಿಷಯಗಳನ್ನು ಹಿಂದಿಯಲ್ಲಿಯೂ ಕಲಿಸಬೇಕೆಂಬುದು ಮೂಲ ಯೋಜನೆ. ಕನ್ನಡ ಶಾಲೆಯಲ್ಲಿ ಲೆಕ್ಕದಲ್ಲಿ ಮೊದಲಿಗನಾಗಿದ್ದ ಹುಡುಗನು ಇಲ್ಲಿ ಲೆಕ್ಕ ತಿಳಿದಿದ್ದರೂ ಪ್ರಶ್ನೆಯ ಮಾತು ತಿಳಿಯದೆ ತಡವರಿಸಬಹುದು. ತಾನು ದಡ್ಡನಾಗಿಬಿಟ್ಟೆನೆಂದು ಅವನು ಭಾವಿಸುವ ಕಾಲ ಅದು. ‘ಇದು ಬುದ್ಧಿಯ ಕೊರತೆಯಲ್ಲ, ಮಾತಿನ ತೊಡಕು’ ಎಂದು ಆ ಹೊತ್ತಿಗೆ ಹೇಳುವ ಉಪಾಧ್ಯಾಯರು ಸಿಕ್ಕಿದರೆ ಹುಡುಗ ಗೆದ್ದಂತೆ.

ಒಂಬತ್ತನೆಯ ತರಗತಿಯಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಹಿಂದಿ ಪ್ರದೇಶದ ಶಾಲೆಗೂ ಇತರ ಪ್ರದೇಶದ ಶಾಲೆಗೂ ನಡುವೆ ಶೇಕಡಾ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಅದಲುಬದಲು ಮಾಡುವ ಪದ್ಧತಿಯಿದೆ. ರಾಗಿಮುದ್ದೆ, ಜೋಳದ ರೊಟ್ಟಿ ತಿಂದು ಬೆಳೆದ ಮಗು ಉತ್ತರದ ಚಳಿಯಲ್ಲಿ ವರ್ಷ ಕಳೆಯುತ್ತದೆ. ಅಲ್ಲಿಯ ಮಗು ನಮ್ಮೂರಿಗೆ ಬಂದು ಕನ್ನಡದ ನಡುವೆ ಬಾಳುತ್ತದೆ. ದೇಶದ ಐಕ್ಯವನ್ನು ಭಾಷಣದಿಂದಲ್ಲದೆ ಬದುಕಿನಿಂದ ಕಲಿಸುವ ಉಪಾಯವಿದು. ಹೋಗುವಾಗ ಅಳುವವರು ಹಿಂದಿರುಗುವಾಗ ಸ್ನೇಹಿತರನ್ನು ಅಗಲಲಾರದೆ ಅಳುವುದುಂಟು. ಆದರೆ ರೈಲನ್ನೇ ಹತ್ತದ ತಾಯಿಗೆ ಆ ವರ್ಷ ಎಷ್ಟು ದೀರ್ಘವೆಂಬುದನ್ನು ಅವಳೇ ಬಲ್ಲಳು.

ತಾಯಿತಂದೆಗಳ ಅನುಭವದಲ್ಲಿ ಹೆಮ್ಮೆಯೂ ನೋವೂ ಬೆರೆತಿವೆ. ಭೇಟಿಗೆ ಗೊತ್ತುಪಡಿಸಿದ ದಿನ ಎರಡು ಮೂರು ಬಸ್ಸು ಬದಲಾಯಿಸಿ, ಚಕ್ಕುಲಿ ಕೋಡುಬಳೆಗಳ ಡಬ್ಬಿ ಹಿಡಿದು ಬರುತ್ತಾರೆ. ಮರದ ನೆರಳಲ್ಲಿ ಮಗುವನ್ನು ಕೂಡಿಸಿಕೊಂಡು ಮೊದಲು ಕೇಳುವ ಮಾತು ಏನೆಂಬುದರ ಮೇಲೆ ಬಹಳಷ್ಟು ನಿಂತಿದೆ. ‘ಎಷ್ಟು ಅಂಕ ಬಂತು?’ ಎಂದು ಕೇಳುವವರಿಗೆ ಅಂಕ ಮಾತ್ರ ತಿಳಿಯುತ್ತದೆ. ‘ಹೇಗಿದ್ದೀಯಪ್ಪ, ರಾತ್ರಿ ನಿದ್ದೆ ಬರುತ್ತದೆಯೆ?’ ಎಂದು ಕೇಳುವವರಿಗೆ ಮಗು ತಿಳಿಯುತ್ತದೆ.

ಇದು ಬರಿಯ ಭಾವುಕತೆಯ ಮಾತಲ್ಲ. 2013ರಿಂದ 2017ರ ವರೆಗಿನ ಐದು ವರ್ಷಗಳಲ್ಲಿ ದೇಶದ ನವೋದಯಗಳಲ್ಲಿ 49 ಮಂದಿ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು 2018ರ ಕೊನೆಯಲ್ಲಿ ಪತ್ರಿಕೆಯೊಂದರ ಮೂಲಕ ಬೆಳಕಿಗೆ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸರಕಾರವನ್ನು ಪ್ರಶ್ನಿಸಿತು. ಮಕ್ಕಳ ಮಾತನ್ನು ಕೇಳಲು ಶಾಲೆಗಳಲ್ಲಿ ಆಪ್ತಸಲಹೆಗಾರರಿರಬೇಕೆಂಬ ವಿಚಾರಕ್ಕೆ ಬಲ ಬಂತು. ಲಕ್ಷಾಂತರ ಮಕ್ಕಳಲ್ಲಿ ಈ ಸಂಖ್ಯೆ ಅಲ್ಪವೆಂದು ಲೆಕ್ಕ ಹಾಕುವವರಿರಬಹುದು. ಹೆತ್ತವರಿಗೆ ಆ ಲೆಕ್ಕ ಬರುವುದಿಲ್ಲ. ಅಧ್ಯಾಪಕರೇ ಪಾಠ ಹೇಳಿ, ಅವರೇ ವಸತಿಗೃಹವನ್ನೂ ನೋಡಿಕೊಳ್ಳಬೇಕಾದ ಶಾಲೆಯಲ್ಲಿ ಒಂದು ಮಗು ಮೌನವಾದುದು ಕಣ್ಣು ತಪ್ಪಿಹೋಗಬಹುದು. ಅದನ್ನು ಗುರುತಿಸುವ ಹೊಣೆ ಶಾಲೆಯದೂ ಹೌದು, ಮನೆಯದೂ ಹೌದು, ಪಕ್ಕದ ಮಂಚದ ಗೆಳೆಯನದೂ ಹೌದು.

ಇನ್ನು, ಆಯ್ಕೆಯಾಗದವರ ಮಾತು. ಜಿಲ್ಲೆಯೊಂದರಲ್ಲಿ ಸಾವಿರಾರು ಮಕ್ಕಳು ಬರೆದು 80 ಮಂದಿ ಒಳಹೋದರೆ ಉಳಿದವರೆಲ್ಲ ಮಂದಮತಿಗಳೆಂದು ಅರ್ಥವೆ? ಹತ್ತನೆಯ ವಯಸ್ಸಿನ ಎರಡು ಗಂಟೆಗಳು ಮನುಷ್ಯನ ಬುದ್ಧಿಯನ್ನು ಅಳೆದು ಮುಗಿಸಲಾರವು. ಒಂಬತ್ತನೆಯ ಮತ್ತು ಹನ್ನೊಂದನೆಯ ತರಗತಿಗಳಲ್ಲಿ ತೆರವಾದ ಸ್ಥಾನಗಳಿಗೆ ಮತ್ತೆ ಪ್ರವೇಶವುಂಟು. ಅದೂ ದೊರೆಯದವರು ಊರ ಸರಕಾರಿ ಶಾಲೆಯಲ್ಲಿ ಓದಿ ಮುಂದೆ ಬಂದಿದ್ದಾರೆ. ನಮ್ಮಂಥ ಸರಕಾರಿ ಕಾಲೇಜುಗಳ ಬೆಂಚುಗಳ ಮೇಲೆ ಕುಳಿತವರಲ್ಲಿ ಅಂಥವರು ಎಷ್ಟೋ ಮಂದಿ. ಜಿಲ್ಲೆಗೊಂದು ಒಳ್ಳೆಯ ಶಾಲೆಯಿರುವುದು ಸಂತೋಷ. ಊರಿಗೊಂದು ಒಳ್ಳೆಯ ಶಾಲೆಯಾಗುವ ತನಕ ಆ ಸಂತೋಷ ಪೂರ್ಣವಲ್ಲ.

ನಮ್ಮಲ್ಲಿ ಅನೇಕರು ಮುಂದೆ ಉಪಾಧ್ಯಾಯರಾಗುವವರು, ಎಲ್ಲರೂ ತಮ್ಮ ಮನೆಯ ಮಕ್ಕಳಿಗೆ ದಾರಿ ತೋರಬೇಕಾದವರು. ತಮ್ಮನನ್ನೋ ತಂಗಿಯನ್ನೋ ಇಂಥ ಶಾಲೆಗೆ ಕಳುಹಿಸುವ ಪ್ರಸಂಗ ಬಂದರೆ ಹಿಂಜರಿಯಬೇಕಾಗಿಲ್ಲ. ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ನೆಟ್ಟರೇ ಫಸಲು ಹುಲುಸಾಗುವುದೆಂದು ರೈತನು ಬಲ್ಲ. ಆದರೆ ನೆಟ್ಟ ಸಸಿ ಬೇರು ಹಿಡಿಯುವ ತನಕ ಗದ್ದೆಯ ನೀರು ಆರಗೊಡಬಾರದೆಂಬುದನ್ನೂ ಅವನೇ ಬಲ್ಲ.