ಭಿನ್ನಭಾಷಾಖಂಡಗಳ ಸಂಯೋಜನೆಯೂ ಲಿಂಕರಿನ ದೋಷಗಳೂ

ಗಣಕಯಂತ್ರದ ಒಂದು ಪ್ರೋಗ್ರಾಮಿನಲ್ಲಿ ಸ್ವಲ್ಪಭಾಗವನ್ನು ಯಂತ್ರಕ್ಕೆ ಅತಿಸಮೀಪವಾದ ಅಸೆಂಬ್ಲಿ ಭಾಷೆಯಲ್ಲಿಯೂ, ಉಳಿದುದನ್ನು ಸಿ ಮೊದಲಾದ ಭಾಷೆಗಳಲ್ಲಿಯೂ ರಚಿಸುವುದುಂಟು. ಇವು ಪ್ರತ್ಯೇಕವಾಗಿ ಯಂತ್ರಸಂಕೇತಕ್ಕೆ ಪರಿವರ್ತಿತವಾಗಿ ಆಬ್ಜೆಕ್ಟ್ ಫೈಲುಗಳಾಗುತ್ತವೆ. ಅವನ್ನು ಕೂಡಿಸಿ ಒಂದಾಗಿಸುವ ಸಾಧನವೇ ಲಿಂಕರು. ಖಂಡಗಳು ಬಿಡಿಬಿಡಿಯಾಗಿ ನಿರ್ದುಷ್ಟವಾಗಿದ್ದರೂ ಕೂಡಿಸುವಾಗ ದೋಷವು ತೋರುವುದರಿಂದ, ಅಭ್ಯಾಸಿಗಳು ತಪ್ಪಿಲ್ಲದ ಪಂಕ್ತಿಗಳನ್ನೇ ಮತ್ತೆ ಮತ್ತೆ ತಿದ್ದಿ ಕೆಡಿಸುವರು. ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ವಾಕ್ಯಾರ್ಥಜ್ಞಾನಕ್ಕೆ ಕಾರಣಗಳೆಂದು ಹೇಳಿರುವ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಆಶ್ರಯಿಸಿ ವಿಭಾಗಿಸಿದರೆ ಪರಿಹಾರವು ಸುಲಭಗ್ರಾಹ್ಯವಾಗುತ್ತದೆ.

ಮೊದಲನೆಯದು, ಆಕಾಂಕ್ಷೆಯು ಪೂರ್ಣವಾಗದಿರುವುದು. ಒಂದು ಖಂಡವು ಅಪೇಕ್ಷಿಸಿದ ಹೆಸರು ಮತ್ತಾವ ಖಂಡದಲ್ಲಿಯೂ ದೊರೆಯದಿದ್ದರೆ ಲಿಂಕರು 'ಅನ್‌ಡಿಫೈನ್ಡ್ ರೆಫರೆನ್ಸ್' ಎಂದು ನಿಂತುಬಿಡುತ್ತದೆ. ನಾಸ್ಮ್ ಎಂಬ ಅಸೆಂಬ್ಲರಿನಲ್ಲಿ 'ಗ್ಲೋಬಲ್' ಎಂದು ಘೋಷಿಸದ ಹೆಸರು ಹೊರಗಿನ ಖಂಡಗಳಿಗೆ ಗೋಚರಿಸದು. ಘೋಷಿಸಿದ್ದರೂ ರೂಪಭೇದವಿರಬಹುದು. ಶಹಾಪುರವನ್ನೊಳಗೊಂಡ ನಮ್ಮ ಸಗರನಾಡಿನ ಸುರಪುರವು ಆಂಗ್ಲರ ಬರಹಗಳಲ್ಲಿ ಶೋರಾಪುರವಾಗಿದೆ; ಯಾದಗಿರಿಯನ್ನು ಯಾದಗೀರ್ ಎಂದೂ ಬರೆಯುವರು. ಓದುವವನು ಅವು ಒಂದೇ ಊರೆಂದು ತಿಳಿಯುವನು. ಲಿಂಕರಿಗೆ ಆ ವಿವೇಕವಿಲ್ಲ. ಲಿನಕ್ಸಿನಲ್ಲಿ ಸಿ ಭಾಷೆಯ ಹೆಸರು ಇದ್ದಂತೆಯೇ ಉಳಿಯುತ್ತದೆ. ಮ್ಯಾಕ್ ಯಂತ್ರಗಳಲ್ಲಿಯೂ 32 ಬಿಟ್ಟಿನ ವಿಂಡೋಸಿನಲ್ಲಿಯೂ ಸಾಮಾನ್ಯವಾಗಿ ಹೆಸರಿನ ಆದಿಯಲ್ಲಿ ಒಂದು ಅಡಿಗೆರೆ ಸೇರುತ್ತದೆ. ಸಿ++ ಭಾಷೆಯಾದರೋ ಫಂಕ್ಷನ್ನು ಸ್ವೀಕರಿಸುವ ಪದಾರ್ಥಗಳ ಜಾತಿಯನ್ನೂ ಹೆಸರಿನೊಳಗೆ ಹೆಣೆಯುತ್ತದೆ. ಅದನ್ನು ತಡೆಯಲು 'ಎಕ್ಸ್‌ಟರ್ನ್ "ಸಿ"' ಎಂಬ ಘೋಷಣೆ ಬೇಕು. 'ಎನ್‌ಎಮ್' ಎಂಬ ಉಪಕರಣದಿಂದ ಎರಡು ಖಂಡಗಳ ಹೆಸರುಗಳನ್ನೂ ಪಟ್ಟಿಮಾಡಿ ಹೋಲಿಸಿದರೆ ಸಂದೇಹವು ನಿವೃತ್ತವಾಗುವುದು. ಅಲ್ಲಿ 'ಯು' ಎಂಬುದು ಅಪೇಕ್ಷಿತವಾದ ಹೆಸರನ್ನೂ, ದೊಡ್ಡಕ್ಷರದ 'ಟಿ' ಹೊರಗೆ ಕಾಣುವ ಫಂಕ್ಷನ್ನನ್ನೂ, ಸಣ್ಣಕ್ಷರದ 'ಟಿ' ಒಳಗೇ ಅಡಗಿದ ಫಂಕ್ಷನ್ನನ್ನೂ ಸೂಚಿಸುತ್ತವೆ.

ಎರಡನೆಯದು ಯೋಗ್ಯತೆಯ ಅಭಾವ. ಬೆಂಕಿಯಿಂದ ತೋಯಿಸು ಎಂಬಲ್ಲಿ ಪದಗಳಿದ್ದರೂ ಅನ್ವಯವಿಲ್ಲದಂತೆ, 32 ಬಿಟ್ಟಿನ ಖಂಡವು 64 ಬಿಟ್ಟಿನ ಖಂಡದೊಡನೆ ಕೂಡದು. 64 ಬಿಟ್ಟಿನ ಲಿನಕ್ಸಿಗಾಗಿ ನಾಸ್ಮಿಗೆ 'ಎಲ್ಫ್64' ಎಂಬ ರೂಪವನ್ನೇ ವಿಧಿಸಬೇಕು.

ಮೂರನೆಯದು ಸನ್ನಿಧಿಯ ಅಭಾವ. ಆಜ್ಞಾಪಂಕ್ತಿಯಲ್ಲಿ ಅಸೆಂಬ್ಲಿಯ ಖಂಡವನ್ನೇ ಕೊಡದೆ ಬಿಟ್ಟರೆ ಹೆಸರು ಸಿಕ್ಕುವುದೆಂತು? ಸ್ಟ್ಯಾಟಿಕ್ ಲೈಬ್ರರಿಗಳಲ್ಲಿ ಕ್ರಮವೂ ಗಣ್ಯವಾದುದು. ಗ್ನೂ ಲಿಂಕರು ಎಡದಿಂದ ಬಲಕ್ಕೆ ಓದುವುದರಿಂದ ಅಪೇಕ್ಷಿಸುವ ಖಂಡವು ಮೊದಲು, ಪೂರೈಸುವ ಲೈಬ್ರರಿಯು ಅನಂತರ ಬರತಕ್ಕದ್ದು.

ಆದರೆ ಸಂಯೋಜನೆಯು ನಿರ್ವಿಘ್ನವಾದೊಡನೆ ಪ್ರೋಗ್ರಾಮು ಸಾಧುವೆಂದು ಭಾವಿಸಬಾರದು. ಪೂರ್ಣಾಂಕಗಳಾದ ಮೊದಲೆರಡು ಆರ್ಗ್ಯುಮೆಂಟುಗಳನ್ನು 64 ಬಿಟ್ಟಿನ ಲಿನಕ್ಸು ಆರ್‌ಡಿಐ, ಆರ್‌ಎಸ್‌ಐ ಎಂಬ ರಿಜಿಸ್ಟರುಗಳಲ್ಲಿ ಇಡುತ್ತದೆ. ವಿಂಡೋಸು ಆರ್‌ಸಿಎಕ್ಸ್, ಆರ್‌ಡಿಎಕ್ಸ್‌ಗಳಲ್ಲಿ ಇಡುತ್ತದೆ. ಒಂದರ ಪದ್ಧತಿಯಲ್ಲಿ ಬರೆದುದನ್ನು ಮತ್ತೊಂದರಲ್ಲಿ ಕೂಡಿಸಿದರೆ ಲಿಂಕರು ಮೌನವಾಗಿರುವುದು, ಉತ್ತರವು ಮಾತ್ರ ತಪ್ಪಾಗುವುದು. ಲಿಂಕರು ಹೆಸರನ್ನು ಪರೀಕ್ಷಿಸುತ್ತದೆಯೇ ಹೊರತು ಅಭಿಪ್ರಾಯವನ್ನಲ್ಲ. ಆದುದರಿಂದ ಫಲವು ಮೊದಲೇ ತಿಳಿದಿರುವ ಲೆಕ್ಕಗಳಿಂದ ಕೂಡಿದ ಪ್ರೋಗ್ರಾಮನ್ನು ಪರೀಕ್ಷಿಸುವುದು ಅವಶ್ಯಕರ್ತವ್ಯವು.