ಪರದೆಯ ಮೇಲಿನ ಗಾಣ

ಪಟಾನ್‌ಚೆರು ಪಾಳಿಗಳ ಊರು. ಹೈದರಾಬಾದಿನಿಂದ ಮುಂಬಯಿಗೆ ಸಾಗುವ ಹೆದ್ದಾರಿಯ ಆಸುಪಾಸಿನ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳಿಗೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ದಣಿವು ಎಂಥದೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಅಂತಹ ಮನೆಯ ಮಗನೋ ಮಗಳೋ ನಡುರಾತ್ರಿ ಕಳೆದರೂ ಪರದೆಯ ಮುಂದೆ ಕುಳಿತು, ಕೂಲಿಯಿಲ್ಲದೆ, ಅದೇ ಬಗೆಯ ದುಡಿಮೆಯಲ್ಲಿ ತೊಡಗಿರುವುದನ್ನು ಕಂಡಾಗ ಹಿರಿಯರಿಗೆ ಸೋಜಿಗವೆನಿಸುತ್ತದೆ. ಆಟವೆಂದರೆ ವಿರಾಮವಲ್ಲವೆ?

ವಿಡಿಯೋ ಆಟಗಳಲ್ಲಿ ಯುದ್ಧತಂತ್ರ ಮತ್ತು ಪಾತ್ರಧಾರಣೆ ಬೆರೆತ ಒಂದು ವರ್ಗವಿದೆ. ಚದುರಂಗದ ಮಣೆಯಂತಹ ರಣರಂಗದಲ್ಲಿ ಆಟಗಾರನು ಸರದಿಯ ಪ್ರಕಾರ ತನ್ನ ಯೋಧರನ್ನು ನಡೆಸುತ್ತಾನೆ. ಚದುರಂಗದ ಕಾಯಿಗಳಿಗಿಲ್ಲದ ಭಾಗ್ಯವೊಂದು ಇವರಿಗುಂಟು. ಕಾದಿದಷ್ಟೂ ಅನುಭವದ ಅಂಕ ಕೂಡಿ ಬಲಿಷ್ಠರಾಗುತ್ತಾರೆ. ಜಪಾನಿನ ಸ್ಕ್ವೇರ್ ಸಂಸ್ಥೆ 1997ರಲ್ಲಿ ಹೊರತಂದ, ಮುಂದೆ ಮೊಬೈಲಿಗೂ ಬಂದ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಈ ವರ್ಗದ ಹೆಸರಾಂತ ಆಟ.

ಅದರಲ್ಲಿ ಶತ್ರುವನ್ನು ಹೊಡೆದರೆ ಮಾತ್ರವಲ್ಲ, ಸ್ವಪಕ್ಷದವನ ಮೇಲೆ ಕಲ್ಲೆಸೆದರೂ ಅಂಕ ದೊರೆಯುತ್ತದೆ. ಹೀಗಾಗಿ ಕೊನೆಯ ಶತ್ರುವೊಬ್ಬನನ್ನು ಜೀವಸಹಿತ ಉಳಿಸಿಕೊಂಡು, ಸಂಗಾತಿಗಳು ಪರಸ್ಪರ ಕಲ್ಲೆಸೆಯುತ್ತ ಗಂಟೆಗಟ್ಟಲೆ ಅಂಕ ಕೂಡಿಸುವ ಪರಿಪಾಠವೇ ಬೆಳೆಯಿತು. ಗಾಣದೆತ್ತಿಗಾದರೂ ಸಂಜೆಗೆ ಹಗ್ಗ ಬಿಚ್ಚುವವರಿರುತ್ತಾರೆ!

ಇದಕ್ಕೆ ಆಟಗಾರನ ಆಸೆಯೊಂದೇ ಕಾರಣವೆನ್ನುವುದು ಅನ್ಯಾಯ. ಈ ಆಟದ ಕಾಠಿನ್ಯ ಮೆಟ್ಟಿಲುಮೆಟ್ಟಿಲಾಗಿ ಏರುವುದಿಲ್ಲ. ಬಯಲಿನಲ್ಲಿ ನಡೆಯುತ್ತಿದ್ದವನಿಗೆ ಒಮ್ಮೆಲೇ ಗೋಡೆ ಎದುರಾಗುತ್ತದೆ. ರಿಯೋವಾನೆಸ್ ಕೋಟೆಯಲ್ಲಿ, ಅದುವರೆಗೆ ತಂಡದೊಡನೆ ಕಾದಿದ ನಾಯಕ ರಾಮ್ಜಾ, ವೀಗ್ರಾಫ್ ಎಂಬ ವೀರನನ್ನು ಒಂಟಿಯಾಗಿ ಎದುರಿಸಬೇಕು. ಆತನನ್ನು ಮಣಿಸಿದರೆ ಆತ ರಾಕ್ಷಸರೂಪ ತಾಳಿ ಮತ್ತೆ ನಿಲ್ಲುತ್ತಾನೆ. ಮೂಲ ಆವೃತ್ತಿಯಲ್ಲಿ, ಇದಕ್ಕೆ ತುಸು ಮುನ್ನ ಕೋಟೆಯೊಳಗೇ ಆಟವನ್ನು ದಾಖಲಿಸಿ, ಹಿಂದಿನ ದಾಖಲೆಯನ್ನು ಅಳಿಸಿಕೊಂಡವನಿಗೆ ಹೊರಬಂದು ಸಿದ್ಧನಾಗಲು ದಾರಿಯೇ ಇರಲಿಲ್ಲ. ಹಲವು ದಿನಗಳ ಶ್ರಮ ಅಲ್ಲಿಗೆ ಮಣ್ಣುಪಾಲು. ಒಮ್ಮೆ ಹೀಗೆ ಕೈ ಸುಟ್ಟುಕೊಂಡವನು ಮುಂದೆ ಹೆಜ್ಜೆಹೆಜ್ಜೆಗೂ ಅಗತ್ಯಕ್ಕಿಂತ ಹೆಚ್ಚು ಅಂಕ ಕೂಡಿಡುವುದರಲ್ಲಿ ಆಶ್ಚರ್ಯವೇನು? ಆದರೆ ದಾರಿಯಲ್ಲಿ ಅಕಸ್ಮಾತ್ತಾಗಿ ಎದುರಾಗುವ ಶತ್ರುಗಳ ಬಲವೂ ತಂಡದ ಮಟ್ಟಕ್ಕೆ ತಕ್ಕಂತೆ ಏರುತ್ತದೆ. ಕೂಡಿಟ್ಟವನಿಗೇ ಹೆಚ್ಚಿನ ಕಾಟ. ವೀಗ್ರಾಫನೆದುರು ಅನೇಕರನ್ನು ಗೆಲ್ಲಿಸಿದುದೂ ಅಂಕಗಳ ರಾಶಿಯಲ್ಲ, ನಾಯಕನ ವೇಗವನ್ನು ಹೆಚ್ಚಿಸುವ ಒಂದು ವಿದ್ಯೆ. 2025ರ ಹೊಸ ಆವೃತ್ತಿಯಲ್ಲಿ ಕಾಠಿನ್ಯವನ್ನು ಆಯ್ದುಕೊಳ್ಳುವ ಅವಕಾಶವಿದೆ. ಇದು ತಡವಾಗಿ ಬಂದರೂ ಸ್ವಾಗತಾರ್ಹ.

ಅಂಕಗಳ ಈ ಸೆಳೆತಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆಯುಂಟು. ಅಮೆರಿಕದ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎಷ್ಟನೆಯ ಕುಕ್ಕಿಗೆ ಕಾಳು ಬೀಳುವುದೆಂದು ತಿಳಿಯದ ಹಕ್ಕಿ ಎಡೆಬಿಡದೆ ಕುಕ್ಕುತ್ತಿತ್ತು. ‘ಇನ್ನೊಂದೇ ಯುದ್ಧ’ ಎನ್ನುವ ಯುವಕನ ಸ್ಥಿತಿಯೂ ಬಹುಮಟ್ಟಿಗೆ ಅದೇ. ತೆರುವ ಬೆಲೆ ಮಾತ್ರ ನಿದ್ರೆ. ಪಾಳಿಯ ಕೆಲಸದಿಂದ ಮೊದಲೇ ಏರುಪೇರಾದ ನಿದ್ರೆಗೆ ಇದು ಮತ್ತೊಂದು ಪೆಟ್ಟು.

ಹಾಗೆಂದು ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ರೋಗವೆನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದು ಬದುಕನ್ನೇ ಕೆಡಿಸಿದ್ದರೆ ಮಾತ್ರ ಅದು ವ್ಯಸನ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹವರಿಗಾಗಿಯೇ 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದೆಂಬುದು ಹೊರನಾಡಿನ ತಂದೆತಾಯಿಗಳಿಗೆ ಸಣ್ಣ ಸಮಾಧಾನವಲ್ಲ.

ಅಷ್ಟು ದೂರ ಹೋಗದ ಮನೆಗಳಲ್ಲಿ ಜಗಳ ಹುಟ್ಟುವುದು ಹಿರಿಯರು ಯುದ್ಧದ ನಡುವೆ ಸಾಧನವನ್ನು ಆರಿಸಿದಾಗ. ದಾಖಲಾಗದ ಒಂದು ಗಂಟೆಯ ಶ್ರಮ ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಹುಡುಗ ಇನ್ನೆರಡು ಗಂಟೆ ಎಚ್ಚರವಿರುತ್ತಾನೆ. ಅದರ ಬದಲು ‘ಯಾವ ಯುದ್ಧದಲ್ಲಿ ಸಿಕ್ಕಿಕೊಂಡಿದ್ದೀಯಪ್ಪಾ?’ ಎಂದು ಕೇಳಿ, ಅದು ಮುಗಿದು ದಾಖಲಾಗುವವರೆಗೆ ಪಕ್ಕದಲ್ಲಿ ಕುಳಿತರೆ, ಆಟ ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು.